ಲೋಕಲ್ ರೈಲಿನ ಜೇಬಿಗೆ ಯಾವ ಜಪಸರ? ಬಾಂದ್ರಾ, ಮಾಹಿಮ್ ಅಂಗಡಿಗಳ ಸರಕು ನೋಡಿದಾಗ

ಮೊದಲೇ ಹೇಳಿಬಿಡುವುದು ಒಳ್ಳೆಯದು: ಮುಂಬೈಯಲ್ಲಿ ದಿನಬಳಕೆಗೆ ಜಪಸರ, ಅಂದರೆ ಕ್ಯಾಥೊಲಿಕರು ಪ್ರಾರ್ಥನೆ ಎಣಿಸುವ ರೋಸರಿ, ಬೇಕಿದ್ದರೆ ಮಣಿಗಳ ಬದಲು ನೈಲಾನ್ ದಾರದಲ್ಲೇ ಗಂಟು ಹಾಕಿದ್ದನ್ನು ತೆಗೆದುಕೊಳ್ಳಿ. ಅಂಥ ಚೆಂದವೇನಿಲ್ಲ, ಮೊದಲ ಪರಮಪ್ರಸಾದಕ್ಕೆ ಉಡುಗೊರೆ ಕೊಟ್ಟರೆ ಮಗುವಿನ ಅಜ್ಜಿ ಮೂಗು ಮುರಿದಾರು. ಆದರೆ ಗಾಜಿನ ಮಣಿಯದ್ದು ಮನೆಯ ಪೀಠದ ಮೇಲೆ ಡಬ್ಬಿಯಲ್ಲೇ ಕೂತಿರುತ್ತದೆ. ದಾದರ್ ಸೇತುವೆಯ ಮೇಲೆ ಯಾರೋ ಮೊಣಕೈಯಿಂದ ತಿವಿದು, ಬೈಗುಳ ನಾಲಿಗೆಯ ತುದಿಗೆ ಬಂದಾಗ ಕೈಗೆ ಸಿಗುವುದು ದಾರದ್ದು. ಆ ಗಳಿಗೆಗೆ ಯಾವುದು ಒದಗುತ್ತದೆ ಅನ್ನುವುದೇ ಇಲ್ಲಿ ನೋಡಿದ ಲೆಕ್ಕ.

ಬಾಂದ್ರಾದ ಮೌಂಟ್ ಮೇರಿ ಬೆಸಿಲಿಕಾದ ಹತ್ತಿರದ ಅಂಗಡಿಗಳಲ್ಲಿ ಕೈ, ಕಾಲು, ಮನೆ ಆಕಾರದ ಮೇಣದ ಹರಕೆಗಳ ಪಕ್ಕದಲ್ಲೇ ಸರಗಳು ಗೊಂಚಲು ಗೊಂಚಲಾಗಿ ತೂಗುತ್ತವೆ. ಸೆಪ್ಟೆಂಬರ್ 8ರ ಮರಿಯಾ ಮಾತೆಯ ಜನನದ ಹಬ್ಬಕ್ಕೆ ಸೇರಿಕೊಂಡು ಬರುವ ಬಾಂದ್ರಾ ಜಾತ್ರೆಯ ವಾರದಲ್ಲಾಗಲಿ, ಬುಧವಾರದ ನೊವೆನಾ ಪ್ರಾರ್ಥನೆಗೆ ಮಾಹಿಮ್‌ನ ಸೇಂಟ್ ಮೈಕೆಲ್ ಚರ್ಚಿಗೆ ಜನ ನುಗ್ಗುವ ಹೊತ್ತಿನಲ್ಲಾಗಲಿ ಕೊಳ್ಳಲು ಹೋಗಬೇಡಿ. ಹಿಂದಿನವರು ತಳ್ಳುತ್ತಿದ್ದರೆ ಮಣಿ ಎಣಿಸಲಾಗುವುದಿಲ್ಲ, ಎಣಿಸದೆ ಕೊಳ್ಳಬಾರದು.

ಲೆಕ್ಕ ಹೀಗೆ: ಒಟ್ಟು 59 ಮಣಿ. ಶಿಲುಬೆಯಿಂದ ಮೇಲಕ್ಕೆ ಒಂದು ದೊಡ್ಡದು, ಮೂರು ಚಿಕ್ಕವು, ಮತ್ತೊಂದು ದೊಡ್ಡದು, ಆಮೇಲೆ ನಡುವಿನ ಪದಕ. ಅಲ್ಲಿಂದ ಹತ್ತರ ಐದು ಗುಂಪು (ಒಂದೊಂದು ಗುಂಪೂ ಒಂದು ‘ದಶಕ’), ಅವುಗಳ ನಡುವೆ ನಾಲ್ಕು ದೊಡ್ಡ ಮಣಿ. ಅಗ್ಗದ ಸರದಲ್ಲಿ ಒಂದು ಗುಂಪಿಗೆ ಒಂಬತ್ತೋ ಹನ್ನೊಂದೋ ಇರುವುದುಂಟು. ಕಣ್ಣು ಮುಚ್ಚಿ ಜಪ ಮಾಡುವವರಿಗೆ ಅದು ದಿನವೂ ಕಾಟ. ದೊಡ್ಡ ಮಣಿ ಬೆರಳಿಗೆ ಬೇರೆಯಾಗಿ ಗೊತ್ತಾಗಬೇಕು. ಬಣ್ಣ ಮಾತ್ರ ಬೇರೆಯಿದ್ದರೆ ಸಾಲದು.

ಲೋಹದ ಸರಪಳಿಯದ್ದಾದರೆ ಕೊಂಡಿಗಳನ್ನು ಬೆಳಕಿಗೆ ಹಿಡಿದು ನೋಡಿ. ಪ್ರತಿ ಮಣಿಯ ಎರಡೂ ಬದಿಗೆ ತಂತಿಯನ್ನು ಬಗ್ಗಿಸಿ ಪುಟ್ಟ ಕಣ್ಣು ಮಾಡಿರುತ್ತಾರೆ. ಕಣ್ಣಿನ ತುದಿ ಪೂರ್ತಿ ಮುಚ್ಚಿರಬೇಕು. ಕೂದಲೆಳೆಯಷ್ಟು ಸಂದಿ ಕಂಡರೂ ದುಪಟ್ಟಾದ ಎಳೆ ಅದರಲ್ಲಿ ಸಿಕ್ಕಿಕೊಳ್ಳುತ್ತದೆ, ಎಳೆದಾಗ ಸಂದಿ ಅಗಲವಾಗುತ್ತದೆ, ಒಂದು ದಿನ ಪ್ಲಾಟ್‌ಫಾರಂ ಮೇಲೆ ಅರ್ಧ ಸರ. ಸಾಮಾನ್ಯವಾಗಿ ಹರಿಯುವುದು ಪದಕದ ಹತ್ತಿರ, ಯಾಕೆಂದರೆ ಮೂರು ಕಡೆಯ ಎಳೆತವೂ ಅಲ್ಲೇ. ರಿಪೇರಿ ಸುಲಭ: ಚೂಪು ಮೂತಿಯ ಎರಡು ಸಣ್ಣ ಇಕ್ಕಳದಲ್ಲಿ ಉಂಗುರದ ಎರಡು ತುದಿ ಹಿಡಿದು ಒಂದನ್ನು ನಿಮ್ಮ ಕಡೆಗೆ, ಇನ್ನೊಂದನ್ನು ಆಚೆಗೆ ತಿರುಚಿ. ಅಕ್ಕಪಕ್ಕಕ್ಕೆ ಹಿಗ್ಗಿಸಿದರೆ ದುಂಡಗಿನ ಆಕಾರ ಕೆಟ್ಟು ಮತ್ತೆ ಸರಿಯಾಗಿ ಮುಚ್ಚುವುದೇ ಇಲ್ಲ. ಬೆಳ್ಳಿ ಬಣ್ಣದ ಲೇಪನ ಬೆವರಿಗೂ ಮಳೆಗಾಲದ ಥಂಡಿಗೂ ತಡೆಯುವುದಿಲ್ಲ. ಒಳಗೆ ತಾಮ್ರ, ಹಿತ್ತಾಳೆ ಇದ್ದರೆ ಹಸಿರು ಕಿಲುಬು ಬಂದು ಜೇಬಿಗೆ ಕಲೆ.

ಮರದ ಮಣಿ ಹಗುರ, ಕೈಗೆ ಹಿತ. ಒದ್ದೆ ಕರ್ಚೀಫಿನಲ್ಲಿ ಉಜ್ಜಿ ನೋಡಿ, ಬಣ್ಣ ಬಿಟ್ಟರೆ ಬೇಡ. ಜುಲೈಯಲ್ಲಿ ಒದ್ದೆ ಬ್ಯಾಗಿನಲ್ಲೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ಕಿನದು ವಡಾಪಾವ್ ದುಡ್ಡಿಗೆ ಸಿಗುತ್ತದೆ, ಅಷ್ಟಕ್ಕೆ ತಕ್ಕ ಹಾಗೇ ಇದೆ. (ರಿಕ್ಷಾ ಕನ್ನಡಿಗೆ ನೇತುಹಾಕಿದ್ದು ಬಿಸಿಲಿಗೆ ಬಿಳಿಚಿ ಪುಡಿಯಾಗುವುದನ್ನು ನೋಡದವರಾರು?) ಹತ್ತು ಉಬ್ಬು, ಒಂದು ಶಿಲುಬೆಯ ಜಪದ ಉಂಗುರ ಒಂದು ಕೈ ರೈಲಿನ ಹಿಡಿಕೆಯಲ್ಲಿರುವವರಿಗೆ ನಿಜಕ್ಕೂ ಅನುಕೂಲ, ಸೆಕೆಗೆ ಬೆರಳು ಊದುವುದರಿಂದ ಒಂದು ಅಳತೆ ಸಡಿಲವಾಗಿಯೇ ಇರಲಿ.

ದಾರದ್ದರಲ್ಲಿ ಹರಿಯುವ ಕೊಂಡಿಯೂ ಇಲ್ಲ, ಕಿಲುಬೂ ಇಲ್ಲ. ಸೋಪು ನೀರಿನಲ್ಲಿ ತೊಳೆದು ಒಣಗಿಸಬಹುದು. ನೋಡಬೇಕಾದ್ದು ತುದಿಗಳನ್ನು: ಬೆಂಕಿಯಲ್ಲಿ ಕರಗಿಸಿ ಒತ್ತಿರಬೇಕು. ಬರೀ ಕತ್ತರಿಸಿ ಬಿಟ್ಟಿದ್ದರೆ ಗಂಟು ಜಾರುತ್ತದೆ. ಮನೆಯಲ್ಲೇ ಕಡ್ಡಿ ಗೀರಿ ಕ್ಷಣಮಾತ್ರ ತೋರಿಸಿದರೂ ಸಾಕು. ದಾರಕ್ಕೆ ಪೋಣಿಸಿದ ಪ್ಲಾಸ್ಟಿಕ್ ಮಣಿಯ ಸರ ಬೇರೆ. ಅದರಲ್ಲಿ ಮಣಿಯ ತೂತಿನ ಚೂಪು ಅಂಚು ದಾರವನ್ನು ಸವೆಸುತ್ತದೆ.

ಬಳಸುವ ರೀತಿಯ ಬಗ್ಗೆಯೂ ಹೇಳಬೇಕು. ಪೂರ್ತಿ ಐದು ದಶಕಕ್ಕೆ, ಕರಾವಳಿಯವರ ಬಾಯಲ್ಲಿ ತೇರ್ಸ್‌ಗೆ, ಹದಿನೈದರಿಂದ ಇಪ್ಪತ್ತು ನಿಮಿಷ. ಒಂದೇ ದಶಕಕ್ಕೆ ಸುಮಾರು ಮೂರು ನಿಮಿಷ, ಸ್ಲೋ ಲೋಕಲ್ ಒಂದು ಸ್ಟೇಷನ್‌ನಿಂದ ಮುಂದಿನದಕ್ಕೆ ಹೋಗುವಷ್ಟು. ಆಫೀಸಿನ ಗ್ರೂಪಿನಲ್ಲಿ ಕೆಣಕುವ ಮೆಸೇಜ್ ಬಂದರೆ ಉತ್ತರ ಬರೆಯುವ ಮುಂಚೆ ಆ ಒಂದು ದಶಕ. ಸಿಟ್ಟು ಹೋಗಿಬಿಡುತ್ತದೆ ಎಂದಲ್ಲ, ಬರೆಯಬೇಕೆಂದಿದ್ದ ಮೊದಲ ಸಾಲಾದರೂ ಬದಲಾಗುತ್ತದೆ. ಐದು ದಶಕವನ್ನು ಐವರಿಗಾಗಿ ಒಂದೊಂದರಂತೆ ಪ್ರಾರ್ಥಿಸುವವರು ಮುನಿಸಿರುವ ವ್ಯಕ್ತಿಯನ್ನು ಕೊನೆಗೆ ಇಟ್ಟುಕೊಳ್ಳಬಾರದು. ಸ್ಟೇಷನ್ ಬಂತೆಂದು ಕತ್ತರಿಸಿಹೋಗುವುದು ಯಾವಾಗಲೂ ಕೊನೆಯದೇ. ಮೂರನೆಯದಕ್ಕೆ ಇಡಿ.

ತುಟಿ ತಾನಾಗಿ ಓಡಿ ಮನಸ್ಸು ಸೀಟಿನ ಜಗಳದಲ್ಲೇ ನಿಲ್ಲುವುದು ಎಲ್ಲರ ದೂರು. ಪೋಪ್ ಎರಡನೇ ಜಾನ್ ಪಾಲ್ 2002ರಲ್ಲಿ ಬೆಳಕಿನ ರಹಸ್ಯಗಳನ್ನು (ರಹಸ್ಯ ಅಂದರೆ ಒಂದೊಂದು ದಶಕಕ್ಕೆ ಧ್ಯಾನಿಸುವ ಯೇಸು, ಮರಿಯಳ ಬದುಕಿನ ಘಟನೆ) ಸೇರಿಸಿದ ಪತ್ರದಲ್ಲೇ ಇದಕ್ಕೊಂದು ದಾರಿಯಿದೆ: ಚಿಕ್ಕ ಮಣಿಗೊಂದರಂತೆ ಹೇಳುವ ನಮೋ ಮರಿಯಾದಲ್ಲಿ ಯೇಸುವಿನ ಹೆಸರಿಗೆ ಆ ರಹಸ್ಯದ ಒಂದು ಮಾತು ಜೋಡಿಸುವುದು. ಕನ್ನಡದಲ್ಲಿ ಅದು ಹೆಸರಿನ ಮುಂಚೆ ಸಲೀಸಾಗಿ ಕೂರುತ್ತದೆ. ಮಂಗಳವಾರ, ಶುಕ್ರವಾರದ ದುಃಖದ ರಹಸ್ಯಗಳಲ್ಲಿ ನಾಲ್ಕನೆಯದಕ್ಕೆ ‘ಶಿಲುಬೆ ಹೊತ್ತ ಯೇಸು’ ಅಂದರಾಯಿತು. ಓಟ ತಾನೇ ನಿಧಾನವಾಗುತ್ತದೆ.

ಕೊಂಡ ಮೇಲೆ ಫಾದರ್ ಹತ್ತಿರ ಆಶೀರ್ವಾದ ಮಾಡಿಸಿ. ರಿಪೇರಿಗೆ ಮೀರಿ ಹಾಳಾದ ಸರ ಕಸದ ಬುಟ್ಟಿಗಲ್ಲ. ಸುಡಬೇಕು, ಇಲ್ಲವೇ ಹೂಳಬೇಕು, ಹೂಕುಂಡದ ಮಣ್ಣಾದರೂ ಸರಿ. ಇಡುವ ಜಾಗ ಫೋನ್ ಇರುವ ಜೇಬೇ ಆಗಿರಲಿ, ಫೋನಿಗೆ ಕೈ ಹಾಕಿದಾಗ ಬೆರಳಿಗೆ ಮೊದಲು ಗಂಟು ಸಿಗುವ ಹಾಗೆ. ದಾರದ್ದಾದ್ದರಿಂದ ಸ್ಕ್ರೀನಿಗೆ ಗೀರೂ ಬೀಳುವುದಿಲ್ಲ.