ಹಳೇ ಕಂಪ್ಯೂಟರಿಗೆ ವಿಂಡೋಸ್ 11 ಹಾಕೋದಾ, ಲಿನಕ್ಸ್ ಮಿಂಟಾ?

ಗಂಗಾವತಿಯಲ್ಲಿ ನಮ್ಮಣ್ಣನ ರೈಸ್ ಮಿಲ್ಲಿನ ಕಂಪ್ಯೂಟರ್ ಇನ್ನೂ 3ನೇ ಜನರೇಶನ್ನಿನ ಇಂಟೆಲ್ ಐ3 ಪ್ರೊಸೆಸರಿನದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಇಂಟೆಲ್ ಆದರೆ ಸಾಧಾರಣವಾಗಿ 8ನೇ ಜನರೇಶನ್ ಆದರೂ ಇರಬೇಕು.

ವಿಂಡೋಸ್ ಹಾಕುವ ಪೆನ್‌ಡ್ರೈವನ್ನು ರೂಫಸ್ ಎಂಬ ತಂತ್ರಾಂಶದಲ್ಲಿ ತಯಾರಿಸುವಾಗಲೇ ಈ ತಪಾಸಣೆ ತೆಗೆಯುವ ಆಯ್ಕೆ ಇದೆ. ಲೆಕ್ಕದ ಟ್ಯಾಲಿ, ಕನ್ನಡ ಟೈಪಿಂಗಿನ ನುಡಿ ಮೊದಲಿನಂತೆ ನಡೆಯುತ್ತವೆ. ಆದರೆ ಅಪ್‌ಡೇಟಿಗೆ ಮೈಕ್ರೋಸಾಫ್ಟ್ ಖಾತರಿ ಕೊಡುವುದಿಲ್ಲ. ದೊಡ್ಡ ಆವೃತ್ತಿ ಬಂದಾಗ ಬಹುಶಃ ಮತ್ತೆ ಪೆನ್‌ಡ್ರೈವ್ ಹಿಡಿಯಬೇಕಾಗುತ್ತದೆ. ಕೋರ್ 2 ಡ್ಯುಯೋದಂಥ ತೀರಾ ಹಳೆಯ ಪ್ರೊಸೆಸರಿನಲ್ಲಿ ಪಾಪ್‌ಕೌಂಟ್ ಎಂಬ ಸೂಚನೆ (ಇನ್‌ಸ್ಟ್ರಕ್ಷನ್) ಇಲ್ಲದ್ದರಿಂದ ವಿಂಡೋಸ್ 11ರ 24ಎಚ್2 ಆವೃತ್ತಿ ಬೂಟೇ ಆಗದು. ಅಲ್ಲಿ ರೂಫಸ್ ಕೂಡ ಕೈಚೆಲ್ಲುತ್ತದೆ.

ವಿಂಡೋಸ್ ಬದಲು ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್ ಮಿಂಟ್ ಇದ್ಯಾವುದನ್ನೂ ಕೇಳುವುದಿಲ್ಲ. 4 ಜಿಬಿ ರ್ಯಾಮ್ ಇದ್ದರೆ ಅದರ ಎಕ್ಸ್‌ಎಫ್‌ಸಿಇ ಎಂಬ ಆವೃತ್ತಿ ಹಗುರ. ಯೂನಿಕೋಡ್ ಕನ್ನಡ ಸಲೀಸು. ಆದರೆ ಟ್ಯಾಲಿ ವಿಂಡೋಸಿಗೆಂದೇ ಮಾಡಿದ್ದು. ಲಿನಕ್ಸಿನಲ್ಲಿ ವಿಂಡೋಸ್ ತಂತ್ರಾಂಶ ನಡೆಸುವ ವೈನ್ ನಂಬಿ ಭತ್ತದ ಸುಗ್ಗಿಯ ಲೆಕ್ಕ ಇಡಲು ನನಗೆ ಧೈರ್ಯವಿಲ್ಲ.

ಅದಕ್ಕೇ ಮಿಲ್ಲಿಗೆ 11 ಹಾಕಿದೆ, ಅಣ್ಣನ ಮಗಳ ಓದಿನ ಲ್ಯಾಪ್‌ಟಾಪಿಗೆ ಮಿಂಟ್. ಬ್ರೌಸರ್, ಪಿಡಿಎಫ್, ವಿಡಿಯೋ ಪಾಠ ಸಾಕೆನ್ನುವವರು ಮಿಂಟನ್ನೇ ಹಾಕಿಕೊಳ್ಳಿ. ಯಾವುದಾದರೂ ಸರಿ, ಮೊದಲು ಡೇಟಾ ಬೇರೆಡೆ ಕಾಪಿ ಮಾಡಿಟ್ಟುಕೊಳ್ಳಿ, ಹಳೇ ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ.