ಒಂದೇ ಚೌಕಟ್ಟು, ಮೂರು ಹೊದಿಕೆ: ಎರೆ ಹೊಲದಲ್ಲಿ ಮೂರು ವರ್ಷ ನೋಡಿದ್ದು

2020ರ ಅಕ್ಟೋಬರ್ ಮಳೆಯನ್ನು ಭೀಮಾ ದಂಡೆಯ ಊರಿನವರು ಇನ್ನೂ ಮರೆತಿಲ್ಲ. ನಮ್ಮ ಹೊಲ ಹೊಳೆಯಿಂದ ದೂರ, ಆಳಂದ ರಸ್ತೆಯ ಕಡೆ. ನೀರೇನೂ ನುಗ್ಗಲಿಲ್ಲ. ಆದರೆ ಬಿಡದೆ ಸುರಿದ ಮಳೆಗೆ ಕೀಳಲು ಬಂದಿದ್ದ ಎರಡು ಗುಂಟೆ ಕೊತ್ತಂಬರಿ ಬುಡ ಕೊಳೆತು ಮಲಗಿತು. ಅದೇ ವಾರ ಕಲಬುರಗಿಯ ಕಣ್ಣಿ ಮಾರ್ಕೆಟ್‌ನಲ್ಲಿ ಕೊತ್ತಂಬರಿ ಕಟ್ಟು ಸಿಗುವುದೇ ಕಷ್ಟವಾಗಿತ್ತು. ಮೇಲೆ ಏನಾದರೂ ಹೊದಿಸಿದ್ದರೆ ಉಳಿಯುತ್ತಿತ್ತಲ್ಲ ಎಂಬ ಮಾತು ಮನೆಯಲ್ಲಿ ಶುರುವಾಗಿದ್ದು ಆವಾಗ.

ಏನು ಹೊದಿಸಬೇಕು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಪ್ಲಾಸ್ಟಿಕ್ ಶೀಟ್ ಹಾಕು ಎಂದರು ಕೆಲವರು. ಹಸಿರು ಶೇಡ್ ನೆಟ್ ಸಾಕು ಎಂದರು ಕೆಲವರು. ಬಿಳಿ ಕೀಟ ಪರದೆಯೇ ಸರಿ ಎಂದವರೂ ಇದ್ದರು. ಯಾರೂ ಮೂರನ್ನೂ ಒಂದೇ ಹೊಲದಲ್ಲಿ ಹಾಕಿ ನೋಡಿದವರಲ್ಲ. ಹಾಗಾಗಿ ನಾನು ಒಂದೇ ಅಳತೆಯ ಮೂರು ಟನಲ್, ಅಂದರೆ ಪೈಪು ಕಮಾನಿನ ಮೇಲೆ ಹೊದಿಕೆ ಹಾಕಿದ ಸುರಂಗದಂಥ ಚಪ್ಪರ, ಪಕ್ಕಪಕ್ಕ ಕಟ್ಟಿದೆ. ಒಂದೊಂದಕ್ಕೆ ಒಂದೊಂದು ಹೊದಿಕೆ. ಪಕ್ಕದಲ್ಲಿ ಅಷ್ಟೇ ಜಾಗ ಬಯಲಾಗಿ ಬಿಟ್ಟೆ. ಅದು ಇಲ್ಲದಿದ್ದರೆ ಟನಲ್‌ನಿಂದ ಎಷ್ಟು ಲಾಭ ಎಂದು ತಿಳಿಯುವುದು ಹೇಗೆ?

ಮೊದಲು ಚೌಕಟ್ಟಿನ ಮಾತು. 20 ಅಡಿಯ ಜಿಐ ಪೈಪು (ಸತು ಲೇಪಿಸಿದ ಕಬ್ಬಿಣದ ಪೈಪು) ತಂದು ಕಮಾನಾಗಿ ಬಗ್ಗಿಸಿದರೆ 12 ಅಡಿ ಅಗಲ, ಆರೂವರೆ ಅಡಿ ಎತ್ತರ ಸಿಗುತ್ತದೆ. ಒಳಗೆ ನೆಟ್ಟಗೆ ನಿಂತು ಕೆಲಸ ಮಾಡಬಹುದು. ಪೈಪು ಕತ್ತರಿಸುವ ಕೆಲಸವೂ ಇಲ್ಲ, ತುಂಡು ಉಳಿಯುವುದೂ ಇಲ್ಲ. 6 ಅಡಿಗೊಂದು ಕಮಾನು, 60 ಅಡಿ ಉದ್ದಕ್ಕೆ 11 ಕಮಾನು. ನೆತ್ತಿಯ ಮೇಲೆ ಒಂದು, ಎರಡೂ ಬದಿಗೆ ಒಂದೊಂದು ಉದ್ದ ಪೈಪು. ಉತ್ತರ ದಕ್ಷಿಣವಾಗಿ ಇಟ್ಟರೆ ಬೆಳಿಗ್ಗೆ ಸಂಜೆ ಎರಡೂ ಬದಿಗೆ ಬಿಸಿಲು ಸಮನಾಗಿ ಬೀಳುತ್ತದೆ. ಆದರೆ ಪಡುವಣ ಗಾಳಿ ಸೀದಾ ಬದಿಗೇ ಬಡಿಯುತ್ತದೆ. ಅದಕ್ಕೆ ಆ ಕಡೆ ಸಾಲಾಗಿ ನುಗ್ಗೆ ಹಚ್ಚಿದ್ದೇನೆ.

ನನಗೆ ನಿಜವಾಗಿ ಪಾಠ ಕಲಿಸಿದ್ದು ಎರೆ ಮಣ್ಣು. ನಮ್ಮ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಮೊದಲ ವರ್ಷ ಬುಡದ ಪೈಪನ್ನು ಒಂದೂವರೆ ಅಡಿ ಹೂತಿದ್ದೆ, ಅದೂ ಬರೀ ಮಣ್ಣು ತುಂಬಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವ ಹೊತ್ತಿಗೆ ಕಮಾನುಗಳು ಒಂದೊಂದು ದಿಕ್ಕಿಗೆ ವಾಲಿದ್ದವು. ಮತ್ತೆ ಎಲ್ಲ ಕಿತ್ತು, ಎರಡೂವರೆ ಅಡಿ ತೋಡಿ, ತಳಕ್ಕೆ ಗರಸು ಬಡಿದು, ಮೇಲೆ ಕಾಂಕ್ರೀಟ್ ಹಾಕಿದೆ. ಆಮೇಲೆ ಅಲುಗಾಡಿಲ್ಲ. ಎರೆ ಹೊಲದವರು ಈ ಖರ್ಚಿನಲ್ಲಿ ಕೈ ಹಿಡಿಯಬೇಡಿ. ಒಂದು ಚೌಕಟ್ಟಿಗೆ ಕೂಲಿ ಸೇರಿ ನನಗೆ 26 ಸಾವಿರದ ಹತ್ತಿರ ಬಿತ್ತು. ಒಳಗೆ ಮೂರು ಏರುಮಡಿ, ಪ್ರತಿ ಮಡಿಗೆ ಡ್ರಿಪ್. ಏರುಮಡಿ ಇಲ್ಲದೆ ಎರೆಯಲ್ಲಿ ಟನಲ್ ಕಟ್ಟಿದರೆ ಮೇಲಿನ ಮಳೆ ತಪ್ಪಿದರೂ ಪಕ್ಕದಿಂದ ಬಸಿದು ಬರುವ ನೀರು ಬೇರು ಕೊಳೆಸುತ್ತದೆ.

ಇನ್ನು ಪ್ಲಾಸ್ಟಿಕ್. ನನಗೆ ಅತಿ ಹೆಚ್ಚು ಆಸೆ ಇದ್ದದ್ದು ಇದರ ಮೇಲೆಯೇ. ಮೊದಲು ತಂದ ಶೀಟ್ ಯುವಿ (ಬಿಸಿಲಿನ ಅತಿನೇರಳೆ ಕಿರಣ) ತಡೆಯುವಂಥದ್ದು ಎಂದು ಅಂಗಡಿಯವರು ಹೇಳಿ ಕೊಟ್ಟರು. ನಂಬಿ ತಂದೆ. ಬಿಸಿಲು ಏರಿದ ಮೇಲೆ ಅದು ಹಪ್ಪಳದ ಹಾಗೆ ಪಟಪಟ ಒಡೆಯಿತು. ಸಾದಾ ಪ್ಲಾಸ್ಟಿಕ್ ಆದರೆ ಹೀಗೇ ಆಗುವುದು. ತುಂಬಾ ಬೇಜಾರಾಯಿತು. ಎರಡನೇ ಸಲ 200 ಮೈಕ್ರಾನ್ ದಪ್ಪದ ಯುವಿ ಶೀಟ್ ಎಂದು ರೋಲಿನ ಮೇಲೆ ಅಚ್ಚಾಗಿದ್ದನ್ನು ನೋಡಿ, ಬಿಲ್ಲಿನಲ್ಲೂ ಹಾಗೇ ಬರೆಸಿಕೊಂಡು ತಂದೆ. ಅದು ಇಂದಿಗೂ ಇದೆ. ಕಾದ ಪೈಪಿಗೆ ತಾಗುವ ಕಡೆ ಶೀಟ್ ಬೇಗ ಸುಟ್ಟು ಹರಿಯುತ್ತದೆ. ಹಾಗಾಗಿ ಕಮಾನಿನ ಮೇಲೆಲ್ಲ ಬಿಳಿ ಬಟ್ಟೆ ಸುತ್ತಿದ್ದೇನೆ.

ಮಳೆಗೆ ಇದಕ್ಕೆ ಸಾಟಿಯೇ ಇಲ್ಲ. ಸೆಪ್ಟೆಂಬರ್‌ನಲ್ಲಿ ಬಯಲಿನ ಕೊತ್ತಂಬರಿ ನೆಲ ಕಚ್ಚಿದಾಗ ಪ್ಲಾಸ್ಟಿಕ್ ಕೆಳಗಿನದು ಸೊಂಪಾಗಿ ನಿಂತಿತ್ತು. ಮೆಂತೆ ಪಲ್ಯ, ಪಾಲಕ್ ಕೂಡ ಹಾಗೇ. ಎಲೆ ಮೇಲೆ ನೀರು ನಿಲ್ಲದ ಕಾರಣ ಟೊಮೆಟೊದಲ್ಲಿ ಅಂಗಮಾರಿಯೂ ಕಡಿಮೆ.

ಕಷ್ಟ ಶುರುವಾಗುವುದು ಶಿವರಾತ್ರಿ ಕಳೆದ ಮೇಲೆ. ಮಾರ್ಚ್ ಕೊನೆಯ ಒಂದು ಮಧ್ಯಾಹ್ನ ಹೊರಗೆ 39 ಡಿಗ್ರಿ. ಬದಿ ಮುಚ್ಚಿದ ಪ್ಲಾಸ್ಟಿಕ್ ಒಳಗೆ 47. ಎರಡೂ ಬದಿ ಮೂರಡಿ ಮೇಲಕ್ಕೆ ಸುತ್ತಿದರೂ 42ಕ್ಕಿಂತ ಕೆಳಗೆ ಇಳಿಯಲಿಲ್ಲ. ನಮ್ಮ ಅಪ್ಪ ಒಳಗೆ ಬಂದವರು ಎರಡೇ ನಿಮಿಷಕ್ಕೆ ಹೊರಗೆ ಬಂದರು. "ಇದರಾಗ ಮನಷ್ಯಾರೇ ನಿಂದ್ರಲಾಕ ಆಗಲ್ಲ, ಗಿಡ ಹ್ಯಾಂಗ ನಿಂತಾವ ತಮ್ಮಾ?" ಎಂದರು. ಅವರು ಹೇಳಿದ ಹಾಗೇ ಆಯಿತು. ಟೊಮೆಟೊಗೆ ಹಗಲು 35 ಡಿಗ್ರಿ ದಾಟಿದರೆ ಪರಾಗ ಕೆಡುತ್ತದೆ, ಹೂ ಉದುರುತ್ತದೆ. ಗಿಡ ಹಸಿರಾಗಿಯೇ ಇತ್ತು, ಕಾಯಿ ಮಾತ್ರ ಇಲ್ಲ.

ಇನ್ನೊಂದು ತೊಂದರೆ ಇದೆ. ಇದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ನಮ್ಮ ಬೋರಿನ ನೀರು ಗಡಸು. ಡ್ರಿಪ್ ತೂತಿಗೆ ಸುಣ್ಣ ಕಟ್ಟುತ್ತದೆ. ಬಯಲಿನಲ್ಲಿ ಆ ಉಪ್ಪನ್ನು ಮಳೆ ತೊಳೆಯುತ್ತದೆ. ಪ್ಲಾಸ್ಟಿಕ್ ಕೆಳಗೆ ಮಳೆಯೇ ಬೀಳುವುದಿಲ್ಲ, ಉಪ್ಪು ಅಲ್ಲೇ ಕೂರುತ್ತದೆ. ವರ್ಷವಿಡೀ ಶೀಟ್ ತೆಗೆಯದೆ ಬಿಟ್ಟಿದ್ದಕ್ಕೆ ಮಡಿ ಮೇಲೆ ಬಿಳಿ ಪೊರೆ ಬಂತು. ಕೊತ್ತಂಬರಿ ಬೀಜ ಅಲ್ಲೊಂದು ಇಲ್ಲೊಂದು ಮೊಳೆಯಿತು. ಮಣ್ಣು ಪರೀಕ್ಷೆ ಮಾಡಿಸಿದಾಗ ಲವಣ ಜಾಸ್ತಿ ಎಂದೇ ಬಂತು.

ಬೀದರ್ ಹತ್ತಿರ ನಮ್ಮ ಅಕ್ಕನ ಮನೆ. ಭಾವನವರಿಗೆ ಮಾತ್ರ ಪ್ಲಾಸ್ಟಿಕ್ ಟನಲ್ ಎಂದರೆ ಪ್ರಾಣ. ಅದಕ್ಕೆ ಕಾರಣವೂ ಇದೆ. ಬೀದರ್ ಪಟ್ಟಣ ಕಲಬುರಗಿಗಿಂತ ಸುಮಾರು 250 ಮೀಟರ್ ಎತ್ತರದಲ್ಲಿದೆ, ಡಿಸೆಂಬರ್ ಜನವರಿಯ ರಾತ್ರಿ ಅಲ್ಲಿ ಹಲ್ಲು ಕಡಿಸುವ ಥಂಡಿ. ಬಯಲಿನಲ್ಲಿಟ್ಟ ಟ್ರೇಯಲ್ಲಿ ಮೆಣಸಿನ ಬೀಜ ಮೊಳೆಯಲು ಸತಾಯಿಸುತ್ತದೆ, ಟನಲ್ ಒಳಗೆ ಬೇಗ ತಲೆ ಎತ್ತುತ್ತದೆ. ಅವರು ಸಸಿ ಮಾರಿಯೇ ಶೀಟಿನ ದುಡ್ಡು ಎತ್ತಿದ್ದಾರೆ. ಅವರ ಕೆಂಪು ಮಣ್ಣಿನಲ್ಲಿ ಕಮಾನೂ ವಾಲುವುದಿಲ್ಲ. ಸಸಿ ಮಡಿ ಮಾಡುವವರಿಗೆ, ಅದೂ ಬೀದರ್ ಕಡೆಯವರಿಗೆ, ಪ್ಲಾಸ್ಟಿಕ್ ಬೇಡ ಎಂದು ನಾನು ಹೇಳುವುದಿಲ್ಲ.

ಶೇಡ್ ನೆಟ್ ವಿಷಯ ಚಿಕ್ಕದು. 50 ಪರ್ಸೆಂಟ್ ನೆರಳಿನ ಹಸಿರು ನೆಟ್ ಹಾಕಿದ್ದೆ. ಮೂರರಲ್ಲಿ ಅಗ್ಗ. ಅದೇ 39 ಡಿಗ್ರಿಯ ದಿನ ಇದರೊಳಗೆ 37 ಇತ್ತು. ಡಿಗ್ರಿಯಲ್ಲಿ ನೋಡಿದರೆ ಎರಡೇ ಅಲ್ವಾ ಅನಿಸುತ್ತದೆ. ಆದರೆ ಎಲೆಗೆ ನೇರ ಬಿಸಿಲು ಬಡಿಯುವುದು ತಪ್ಪುತ್ತದೆ, ಮಣ್ಣು ಬೇಗ ಒಣಗುವುದಿಲ್ಲ. ಏಪ್ರಿಲ್‌ನಲ್ಲಿ ಬಿತ್ತಿದ ಕೊತ್ತಂಬರಿಯನ್ನು ಮೇ ಕೊನೆಗೆ ಕಿತ್ತು ಮಾರಿದ್ದೇವೆ, ಬಯಲಿನಲ್ಲಿ ಆ ದಿನಗಳಲ್ಲಿ ಮೊಳಕೆಯೇ ಸುಟ್ಟು ಹೋಗಿತ್ತು. ಆಲಿಕಲ್ಲು ಬಿದ್ದಾಗಲೂ ನೆಟ್ ತಡೆಯಿತು. ಆದರೆ ಚಳಿಗಾಲಕ್ಕೆ ಇದನ್ನು ಬಿಟ್ಟರೆ ಟೊಮೆಟೊ ಬೆಳಕು ಹುಡುಕುತ್ತಾ ಸುಮ್ನೆ ಉದ್ದಕ್ಕೆ ಬೆಳೆಯುತ್ತದೆ, ಹೂ ಕಡಿಮೆ. ಮಳೆಯನ್ನಂತೂ ಇದು ನಿಲ್ಲಿಸುವುದಿಲ್ಲ. ಹನಿಯ ಏಟು ಮೆತ್ತಗಾಗುತ್ತದೆ, ಅಷ್ಟೇ.

ಕೀಟ ಪರದೆಯಿಂದ ನಾನು ಹೆಚ್ಚೇನೂ ಬಯಸಿರಲಿಲ್ಲ. ಇಂದು ನನಗೆ ಅದೇ ಹೆಚ್ಚು ಬೇಕಾದದ್ದು. 40 ಮೆಶ್ ಎಂದರೆ ಒಂದು ಇಂಚಿಗೆ 40 ಕಣ್ಣು. ಬಿಳಿ ನೊಣ ಅದರಲ್ಲಿ ಸುಲಭವಾಗಿ ತೂರುವುದಿಲ್ಲ. ತೊಗರಿಯ ಗೊಡ್ಡು ರೋಗವನ್ನು ನುಸಿ ಹರಡುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಟೊಮೆಟೊದ ಎಲೆ ಮುಟುರು ರೋಗವನ್ನು ಹಾಗೇ ಬಿಳಿ ನೊಣ ಹರಡುತ್ತದೆ. ಒಮ್ಮೆ ಗಿಡಕ್ಕೆ ಬಂದರೆ ಔಷಧ ಇಲ್ಲ, ಕಿತ್ತು ಹಾಕಬೇಕು. ಒಂದೇ ಟ್ರೇಯ ಸಸಿಗಳನ್ನು ನಾಲ್ಕು ಕಡೆ 40ರಂತೆ ಹಚ್ಚಿ ಎರಡು ತಿಂಗಳಿಗೆ ಎಣಿಸಿದೆ. ಬಯಲಿನಲ್ಲಿ 23 ಗಿಡ ಮುಟುರಿದ್ದವು. ಶೇಡ್ ನೆಟ್‌ನಲ್ಲಿ 17. ಬದಿ ತೆರೆದ ಪ್ಲಾಸ್ಟಿಕ್‌ನಲ್ಲಿ 15. ಕೀಟ ಪರದೆಯಲ್ಲಿ 3. ಎಣಿಸಿದ ಮೇಲೆ ನಂಬಿಕೆ ಬರದೆ ಅವ್ವನ ಕೈಯಲ್ಲಿ ಇನ್ನೊಮ್ಮೆ ಎಣಿಸಿಸಿದೆ. ವಾರಕ್ಕೊಮ್ಮೆ ಔಷಧ ಹೊಡೆಯುತ್ತಿದ್ದವರು ಆ ಬೆಳೆಗೆ ಎರಡೇ ಸಲ ಹೊಡೆದೆವು. ಮನೆ ಮಕ್ಕಳು ಗಿಡದಿಂದ ಕಿತ್ತು ತಿನ್ನುವ ಕಾಯಿ ಅದು. ನನಗೆ ಇದು ದುಡ್ಡಿಗಿಂತ ದೊಡ್ಡದು.

ಇದರಲ್ಲೂ ಕೊರತೆ ಇದೆ. ಥ್ರಿಪ್ಸ್ ಎಂಬ ಸಣ್ಣ ಕೀಟ ಈ ಕಣ್ಣಿನಲ್ಲಿ ತೂರುತ್ತದೆ. ಬೇಸಿಗೆಗೆ ನುಸಿ ಬಂದರೆ ಒಳಗೆ ಬೇಗ ಹಬ್ಬುತ್ತದೆ. ಪರದೆ ಗಾಳಿ ತಡೆಯುವುದರಿಂದ ಒಳಗೆ ಹೊರಗಿಗಿಂತ ಒಂದೆರಡು ಡಿಗ್ರಿ ಜಾಸ್ತಿ. ಧೂಳು ಕೂತರೆ ಇನ್ನೂ ಬಿಸಿ, ಹದಿನೈದು ದಿನಕ್ಕೊಮ್ಮೆ ನೀರು ಹೊಡೆದು ತೊಳೆಯಬೇಕು. ಬಾಗಿಲು ಒಂದೇ ಇದ್ದರೆ ಪರದೆ ಹಾಕಿದ್ದೂ ದಂಡ. ಹೊರಗೊಂದು, ಒಳಗೊಂದು, ನಡುವೆ ನಿಲ್ಲುವಷ್ಟು ಜಾಗ ಇರಬೇಕು. ಜೇನು ಒಳಗೆ ಬರುವುದಿಲ್ಲ ಎನ್ನುವುದನ್ನು ನಾನು ಮರೆತೇಬಿಟ್ಟಿದ್ದೆ. ಮೊದಲ ಸಲ ಜವಾರಿ ಸೌತೆ ಹಾಕಿ, ಹೂ ಕಂಡು ಖುಷಿಪಟ್ಟೆ, ಕಾಯಿ ಮಾತ್ರ ಕಾಣಲಿಲ್ಲ. ಈಗ ಪರಾಗ ಬೇಡದ ಹೈಬ್ರಿಡ್ ಸೌತೆ ಹಾಕುತ್ತೇವೆ. ಹಾಗಲ ಹಾಕಿದ ವರ್ಷ ಅವ್ವ ದಿನಾ ಬೆಳಿಗ್ಗೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸುತ್ತಿದ್ದರು. ಟೊಮೆಟೊ, ಬದನೆ, ಮೆಣಸಿನಕಾಯಿಗೆ ಅಷ್ಟು ಕಷ್ಟವಿಲ್ಲ, ಗಿಡ ಕಟ್ಟಿದ ತಂತಿಯನ್ನು ಮೆಲ್ಲಗೆ ಅಲುಗಿಸಿದರೆ ಸಾಕು.

ಮೂರು ವರ್ಷ ನೋಡಿದ ಮೇಲೆ ನನಗೆ ಅನಿಸಿದ್ದು, ಕಲಬುರಗಿಯಲ್ಲಿ ವರ್ಷವಿಡೀ ಒಂದೇ ಹೊದಿಕೆ ನಡೆಯುವುದಿಲ್ಲ. ಚೌಕಟ್ಟು ಕಾಯಂ ಇರಲಿ, ಹೊದಿಕೆ ತಿಂಗಳು ನೋಡಿ ಬದಲಾಗಲಿ. ಈಗ ಒಂದು ಟನಲ್ ಅನ್ನು ಹೀಗೇ ನಡೆಸುತ್ತಿದ್ದೇನೆ. ಕೀಟ ಪರದೆ ಸುತ್ತಲೂ ಕಾಯಂ. ಆಗಸ್ಟ್ ಕೊನೆಗೆ ನೆತ್ತಿಯ ಮೇಲೆ ಮಾತ್ರ ಪ್ಲಾಸ್ಟಿಕ್ ಬರುತ್ತದೆ, ಬದಿಗೆ ಇಲ್ಲ. ಒಳಗೆ ಟೊಮೆಟೊ, ದಪ್ಪ ಮೆಣಸಿನಕಾಯಿ. ಫೆಬ್ರುವರಿ ಮುಗಿಯುವಷ್ಟರಲ್ಲಿ ಪ್ಲಾಸ್ಟಿಕ್ ಇಳಿಸಿ, ಮಡಚಿ, ನೆರಳಿನಲ್ಲಿ ಇಡುತ್ತೇನೆ. ಮೇ ತಿಂಗಳ ಬಿರುಗಾಳಿಗೆ ಅದು ಸಿಗುವುದೇ ಇಲ್ಲ. ಅದರ ಜಾಗಕ್ಕೆ ಶೇಡ್ ನೆಟ್, ಕೆಳಗೆ ಸೊಪ್ಪು. ಜೂನ್‌ನಲ್ಲಿ ಶೇಡ್ ನೆಟ್ ಕೂಡ ತೆಗೆದು, ಹಸಿರು ಗೊಬ್ಬರಕ್ಕೆ ಸೆಣಬು ಬಿತ್ತಿ, ಮಳೆಗೆ ಬಿಡುತ್ತೇನೆ. ಉಪ್ಪು ತೊಳೆದು ಹೋಗಲಿ ಎಂದು.

ಹೊದಿಕೆ ಹಾಕುವುದು ತೆಗೆಯುವುದು ಇಬ್ಬರಿಗೆ ಒಂದು ದಿನದ ಕೆಲಸ. ಅಲ್ಯೂಮಿನಿಯಂ ಪಟ್ಟಿ ಮತ್ತು ಸ್ಪ್ರಿಂಗ್ ತಂತಿ ಹಾಕಿಸಿದ್ದರೆ ಅರ್ಧ ದಿನ ಸಾಕು. ಹಗ್ಗದಲ್ಲಿ ಕಟ್ಟಿದವರು ಪ್ರತಿ ಸಲವೂ ಒದ್ದಾಡುತ್ತಾರೆ.

ಕೈಯಲ್ಲಿ ದುಡ್ಡು ಕಡಿಮೆ, ಒಂದನ್ನೇ ಕೊಳ್ಳುತ್ತೇನೆ ಎನ್ನುವವರು ಟೊಮೆಟೊ, ಮೆಣಸಿನಕಾಯಿ ಬೆಳೆಯುವುದಾದರೆ ಕೀಟ ಪರದೆ ತೆಗೆದುಕೊಳ್ಳಿ. ಬರೀ ಬೇಸಿಗೆ ಸೊಪ್ಪಿಗಾದರೆ ಶೇಡ್ ನೆಟ್ ಸಾಕು, ಕಬ್ಬಿಣದ ಕಮಾನೂ ಬೇಡ, ಬಿದಿರು ಗಳ ನಡೆಯುತ್ತದೆ. ದೊಡ್ಡದಾಗಿ ಕಟ್ಟುವವರಿಗೆ ತೋಟಗಾರಿಕೆ ಇಲಾಖೆಯ ಸಹಾಯಧನ ಇದೆ. ಅದನ್ನು ಕಟ್ಟುವ ಮುಂಚೆಯೇ ಹೋಗಿ ಕೇಳಿಕೊಳ್ಳಿ, ಕಟ್ಟಿದ ಮೇಲೆ ಅಲ್ಲ.

ಉಪ್ಪು ಕೂತಿದ್ದ ಆ ಮಡಿಗಳಿಗೆ ಈ ಸಲ ಮಳೆ ಚೆನ್ನಾಗಿ ಬಿದ್ದಿದೆ. ಬಿಳಿ ಪೊರೆ ಕಾಣುತ್ತಿಲ್ಲ. ಸೆಣಬು ಮಣ್ಣಿಗೆ ಸೇರಿಸಿ ಆಗಿದೆ. ಬರುವ ವಾರ ಅಲ್ಲಿ ಕೊತ್ತಂಬರಿ ಬಿತ್ತುತ್ತೇವೆ.