ಪ್ರೊಬೇಷನ್‌ನಲ್ಲಿ ಒಂದು ಸೆಮಿಸ್ಟರ್: 5ಕ್ಕೆ 3 ಸ್ಟಾರ್

ಕಾಲೇಜಿನ ಜಿಮ್ಮಿಗೆ ರಿವ್ಯೂ ಬರೆಯುತ್ತಾರೆ, ಹಾಸ್ಟೆಲ್ಲಿಗೆ ಬರೆಯುತ್ತಾರೆ. ಪ್ರೊಬೇಷನ್ (ಗ್ರೇಡ್ ಕೆಳಗಿಳಿದವರಿಗೆ ಕಾಲೇಜು ಕೊಡುವ ಎಚ್ಚರಿಕೆ) ನೋಡಿಕೊಳ್ಳುವ ಆಫೀಸಿಗೆ ಮಾತ್ರ ಯಾರೂ ಬರೆಯಲ್ಲ. ಅಲ್ಲಿಗೆ ಹೋಗಿದ್ದೆ ಅಂತ ಹೇಳಿಕೊಳ್ಳೋಕೆ ನಾಚಿಕೆ, ಅಷ್ಟೇ. ನಾನು ಹೋಗಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ.

ಅಮೆರಿಕದ ಕಾಲೇಜುಗಳಲ್ಲಿ ಡಿಗ್ರಿ ಓದುವವರ ಒಟ್ಟು ಜಿಪಿಎ (4ಕ್ಕೆ ಲೆಕ್ಕ ಹಾಕುವ ಗ್ರೇಡ್ ಸರಾಸರಿ) 2.0ಕ್ಕಿಂತ ಕೆಳಗಿಳಿದರೆ ಸಾಮಾನ್ಯವಾಗಿ ಪ್ರೊಬೇಷನ್. ಅಲ್ಲಿಂದ ಮೇಲೇಳದಿದ್ದರೆ ಸಸ್ಪೆನ್ಷನ್. ಒಂದು ಸೆಮಿಸ್ಟರೋ ಒಂದು ವರ್ಷವೋ ಹೊರಗಿದ್ದು, ಮತ್ತೆ ಅರ್ಜಿ ಹಾಕಿ ಒಳಗೆ ಬರಬೇಕು. ನನ್ನದು ಮೊದಲ ಸೆಮಿಸ್ಟರ್‌ನಲ್ಲೇ 1.73 ಆಯ್ತು.

ಮೊದಲ ದೂರು ಪ್ರೊಬೇಷನ್ ಅಂತ ತಿಳಿಸಿದ ಈಮೇಲ್ ಬಗ್ಗೆ. ಬಂದಿದ್ದು ಡಿಸೆಂಬರ್ ರಜೆ ಶುರುವಾದ ಮೇಲೆ. ಅಡ್ವೈಸರ್‌ನ ಕಂಡು ಒಪ್ಪಂದಕ್ಕೆ ಸಹಿ ಹಾಕುವವರೆಗೆ ಮುಂದಿನ ಸೆಮಿಸ್ಟರ್‌ನ ರಿಜಿಸ್ಟ್ರೇಷನ್ ಮೇಲೆ ಹೋಲ್ಡ್, ಅಂದರೆ ತಡೆ, ಅಂತ ಇತ್ತು. ಸರಿ, ಕಾಣೋಣ ಅಂದರೆ ಆಫೀಸಿಗೇ ಬೀಗ! ಎರಡು ವಾರ ಆ ಈಮೇಲನ್ನು ದಿನಾ ತೆಗೆದು ಓದಿದೆ, ಅಕ್ಷರ ಬದಲಾಗಿರುತ್ತದೇನೋ ಅನ್ನೋ ಹಾಗೆ. ಕೊನೆಗೆ ಹೋಲ್ಡ್ ತೆಗೆದಾಗ ಕ್ಯಾಲ್ಕುಲಸ್‌ನಲ್ಲಿ ಉಳಿದಿದ್ದು ಬೆಳಿಗ್ಗೆ 8 ಗಂಟೆಯ ಕ್ಲಾಸ್ ಒಂದೇ. ಬೆಳಿಗ್ಗೆ ಏಳಲಾಗದೆ ಫೇಲಾದವನಿಗೆ ಇದೇ ಔಷಧಿ ನೋಡಿ.

ಈಗ ಹೊಗಳಿಕೆ. ಅಡ್ವೈಸರ್ ಜೊತೆ ಕಳೆದ ಮೊದಲ ಅರ್ಧ ಗಂಟೆಗೆ ಐದಕ್ಕೆ ಐದು. ಅವರು ಬುದ್ಧಿ ಹೇಳಲಿಲ್ಲ. ನನ್ನ ಮಾರ್ಕ್ಸ್ ಶೀಟ್ ಪ್ರಿಂಟ್ ತೆಗೆದು, ಹಿಂದೆ ತಿರುಗಿಸಿ, ಪೆನ್ಸಿಲ್‌ನಲ್ಲಿ ಲೆಕ್ಕ ಹಾಕಿದರು. ಪ್ರತಿ ಕೋರ್ಸಿನ ಕ್ರೆಡಿಟ್ ಅನ್ನು (ಅಂದರೆ ಅದರ ತೂಕವನ್ನು) ಗ್ರೇಡಿನ ಅಂಕಿಯಿಂದ (ಎ 4, ಬಿ 3, ಸಿ 2, ಡಿ 1, ಎಫ್ 0) ಗುಣಿಸಿ ಕೂಡಿದರೆ ಪಾಯಿಂಟ್, ಅದನ್ನು ಒಟ್ಟು ಕ್ರೆಡಿಟ್‌ಗಳಿಂದ ಭಾಗಿಸಿದರೆ ಜಿಪಿಎ. ನನ್ನದು 15 ಕ್ರೆಡಿಟ್, 26 ಪಾಯಿಂಟ್. ನಾಲ್ಕು ಕ್ರೆಡಿಟ್‌ನ ಕ್ಯಾಲ್ಕುಲಸ್‌ನಲ್ಲಿ ಎಫ್, ಅಂದರೆ ಸೊನ್ನೆ. ಮುಂದೆ 12 ಕ್ರೆಡಿಟ್ ತಗೊಂಡರೆ ಒಟ್ಟು 27, ಅದಕ್ಕೆ 2.0 ಬರಬೇಕಾದರೆ 54 ಪಾಯಿಂಟ್ ಬೇಕು. ಇನ್ನೂ 28 ಸಂಪಾದಿಸಬೇಕು, ಸರಾಸರಿ 2.33. ನನ್ನ ಮುಖ ಬಾಡಿತು.

"ಇರಿ, ಆ ಎಫ್ ಬಂದ ಕೋರ್ಸನ್ನೇ ಮತ್ತೆ ತಗೊಂಡರೆ?" ಅಂದರು. ನಮ್ಮ ಕಾಲೇಜಿನಲ್ಲಿ ಮರು ಓದಿದರೆ ಹಳೆಯ ಗ್ರೇಡ್ ಲೆಕ್ಕದಿಂದ ಬಿಟ್ಟು ಹೋಗುತ್ತದೆ. 15ರಲ್ಲಿ ಆ 4 ಹೊಡೆದು ಹಾಕಿದರು. ಉಳಿದಿದ್ದು 11 ಕ್ರೆಡಿಟ್, ಪಾಯಿಂಟ್ ಮಾತ್ರ ಅದೇ 26. ಹೊಸ 12 ಸೇರಿದರೆ 23, ಬೇಕಾದ್ದು 46. ಅಂದರೆ ಇನ್ನು 20 ಪಾಯಿಂಟ್ ಸಾಕು, ಸರಾಸರಿ 1.67! ಎಲ್ಲದರಲ್ಲೂ ಸಿ ಬಂದರೂ ದಾಟುತ್ತೇನೆ. ಅಷ್ಟು ದಿನದಲ್ಲಿ ಅವತ್ತೇ ಸರಿಯಾಗಿ ಉಸಿರಾಡಿದ್ದು. ಎಲ್ಲ ಕಡೆ ಹೀಗಿಲ್ಲ. ಕೆಲವು ಕಾಲೇಜುಗಳಲ್ಲಿ ಎರಡೂ ಗ್ರೇಡ್ ಸೇರಿಸಿ ಸರಾಸರಿ ತೆಗೆಯುತ್ತಾರೆ. ಅಲ್ಲಿ ಈ ಉಪಾಯ ಇಷ್ಟು ದೂರ ಬರಲ್ಲ.

ಆದರೆ ಇದೇ ಅಡ್ವೈಸರ್ ಒಂದು ಕಡೆ ಎಡವಿದರು. "9 ಕ್ರೆಡಿಟ್ ಸಾಕು, ಹಗುರವಾಗಿ ಹೋಗಿ" ಅಂದರು. ನಾನು ಎಫ್-1 ಅನ್ನೋ ವಿದ್ಯಾರ್ಥಿ ವೀಸಾದವನು. ಡಿಗ್ರಿ ಓದುವವರು 12ಕ್ಕಿಂತ ಕೆಳಗಿಳಿಯಬೇಕಾದರೆ ಇಂಟರ್‌ನ್ಯಾಷನಲ್ ಆಫೀಸಿನ ಒಪ್ಪಿಗೆ ಮೊದಲೇ ಬೇಕು. ಓದಿನ ತೊಂದರೆ ಅಂತ ಕೊಡುವ ವಿನಾಯಿತಿಗೂ ಕಾರಣ ಇಂಥದ್ದೇ ಇರಬೇಕು ಅನ್ನೋ ನಿಯಮ ಇದೆ. ಒಂದು ಹಂತದ ಓದಿಗೆ ಸಿಗುವುದು ಒಂದೇ ಸಲ. ಸುಮ್ನೆ ಅವರ ಮಾತು ಕೇಳಿ ಒಂದು ಕೋರ್ಸ್ ಬಿಟ್ಟಿದ್ದರೆ ಜಿಪಿಎ ಉಳಿದು ವೀಸಾ ಹೋಗುತ್ತಿತ್ತು. ಎರಡು ಆಫೀಸಿನ ನಡುವೆ ಒಂದು ಕಾರಿಡಾರ್ ಇದೆ, ಮಾತುಕತೆ ಇಲ್ಲ.

ನನ್ನ ರೂಮ್‌ಮೇಟ್ ಕಥೆ ಇನ್ನೂ ವಿಚಿತ್ರ. ಅವನು ಇಲ್ಲಿಯವನೇ, ಸರ್ಕಾರದ ಹಣಸಹಾಯದಲ್ಲಿ ಓದುವವನು. ಜಿಪಿಎ 2.6, ಚೆನ್ನಾಗೇ ಇತ್ತು. ಕಷ್ಟ ಅನ್ನಿಸಿದ ನಾಲ್ಕು ಕೋರ್ಸನ್ನು ಮಧ್ಯದಲ್ಲೇ ಬಿಟ್ಟಿದ್ದ. ಹಾಗೆ ಬಿಟ್ಟರೆ ಗ್ರೇಡ್ ಜಾಗದಲ್ಲಿ ಡಬ್ಲ್ಯೂ (ಕೋರ್ಸ್ ಬಿಟ್ಟ ಗುರುತು) ಬೀಳುತ್ತದೆ, ಜಿಪಿಎಗೆ ಏನೂ ಆಗಲ್ಲ. ಆದರೆ ಹಣಸಹಾಯದ ಆಫೀಸು ತೆಗೆದುಕೊಂಡ ಕ್ರೆಡಿಟ್‌ನಲ್ಲಿ ಎಷ್ಟು ಮುಗಿಸಿದ ಅಂತಲೂ ನೋಡುತ್ತದೆ. ಅವನದು 30ಕ್ಕೆ 18, ಅಂದರೆ 60 ಶೇಕಡಾ. ಬೇಕಾದ್ದು ಸುಮಾರು 67. ಈ 67 ಎಲ್ಲಿಂದ ಬಂತು ಅಂದರೆ, 120 ಕ್ರೆಡಿಟ್‌ನ ಡಿಗ್ರಿಯನ್ನು ಅದರ ಒಂದೂವರೆ ಪಟ್ಟು, ಅಂದರೆ 180 ಕ್ರೆಡಿಟ್ ತೆಗೆದುಕೊಳ್ಳುವುದರೊಳಗೆ ಮುಗಿಸಬೇಕು. 120ನ್ನು 180ರಿಂದ ಭಾಗಿಸಿ ನೋಡಿ.

ಇದರ ಮೇಲೆ ಭಾಷೆಯ ಗೋಜಲು ಬೇರೆ. ನನ್ನ ಆಫೀಸಿನಲ್ಲಿ ಪ್ರೊಬೇಷನ್ ಅಂದರೆ ಮೊದಲ ಎಚ್ಚರಿಕೆ. ಅವನ ಆಫೀಸಿನಲ್ಲಿ ಮೊದಲು ಬಂದಿದ್ದು ವಾರ್ನಿಂಗ್. ಆಮೇಲೂ ಸರಿಹೋಗದೆ ಹಣ ನಿಂತು, ಅಪೀಲ್ ಗೆದ್ದರೆ ಸಿಗುವುದಕ್ಕೆ ಪ್ರೊಬೇಷನ್ ಅನ್ನುತ್ತಾರೆ. ನನಗೆ ಅದು ಬೈಗುಳ, ಅವನಿಗೆ ಅದು ಸಿಹಿ ಸುದ್ದಿ. ಒಂದೇ ರೂಮಿನಲ್ಲಿ!

ಅವನ ಅಪೀಲ್ ಪತ್ರ ನಾನೂ ಕೂತು ತಿದ್ದಿದೆ. ಮೊದಲ ಕರಡಿನಲ್ಲಿ ಎರಡು ಪುಟ ಬರೀ ಕ್ಷಮೆ. ಅಲ್ಲಿ ಕೇಳುವುದು ಎರಡೇ ಪ್ರಶ್ನೆ: ಯಾಕೆ ಹೀಗಾಯ್ತು, ಈಗ ಏನು ಬದಲಾಗಿದೆ? ಅವನು ರಾತ್ರಿ ಪಾಳಿ ಕೆಲಸ ಬಿಟ್ಟಿದ್ದ. ಅದು ಪತ್ರದಲ್ಲಿ ಇರಲೇ ಇಲ್ಲ. ಸೇರಿಸಿದ, ಹೊಸ ಕೆಲಸದ ವೇಳಾಪಟ್ಟಿಯನ್ನೂ ಲಗತ್ತಿಸಿದ. ಒಪ್ಪಿದರು.

ಕಡ್ಡಾಯ ವರ್ಕ್‌ಶಾಪ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ವೃತ್ತ ಬರೆದು 24 ಗಂಟೆಗೆ ಬಣ್ಣ ತುಂಬಿಸಿದರು. ಗಣಿತದ ಟ್ಯೂಟರಿಂಗ್ ಸೆಂಟರ್ ಮಾತ್ರ ಚಿನ್ನ. ಅಪಾಯಿಂಟ್‌ಮೆಂಟ್ ಬೇಡ, ಹೋಗಿ ಕೂತರೆ ಸಾಕು, ಯಾರಾದರೂ ಬಂದು ಪಕ್ಕದಲ್ಲಿ ಕೂರುತ್ತಾರೆ.

ಕ್ಯಾಲ್ಕುಲಸ್‌ನಲ್ಲಿ ಸಿ ಬಂತು. ಉಳಿದ ಎರಡರಲ್ಲಿ ಒಂದು ಬಿ, ಇನ್ನೊಂದು ಸಿ. ಒಟ್ಟು 2.35.

ನಮ್ಮ ಮಹಡಿಯ ಇನ್ನೊಬ್ಬ ಹುಡುಗ ಆ ಈಮೇಲ್‌ಗಳನ್ನು ತೆರೆಯಲೇ ಇಲ್ಲ. ಎರಡನೇ ಸೆಮಿಸ್ಟರ್ ಮುಗಿದ ಮೇಲೆ ಸಸ್ಪೆಂಡ್ ಆದ. ಅಪೀಲ್‌ಗೆ ಕೊಟ್ಟಿದ್ದು ಐದು ದಿನ, ಅವನು ನೋಡಿದ್ದು ಏಳನೇ ದಿನ. ಈಗ ಬೇರೆ ಕಾಲೇಜಿನಲ್ಲಿ ಎರಡು ಕೋರ್ಸ್ ಓದುತ್ತಿದ್ದಾನೆ. ಅಲ್ಲಿಂದ ಕ್ರೆಡಿಟ್ ಬರುತ್ತದಂತೆ, ಗ್ರೇಡ್ ಬರಲ್ಲವಂತೆ. ಅಂದರೆ ವಾಪಸ್ ಬಂದಾಗ ಹಳೆಯ ಜಿಪಿಎ ಅಲ್ಲೇ ಕಾಯುತ್ತಿರುತ್ತದೆ. ಇದನ್ನು ಫೀಸ್ ಕಟ್ಟುವ ಮೊದಲು ಯಾರಾದರೂ ಅವನಿಗೆ ಹೇಳಬಹುದಿತ್ತು, ಅಲ್ವಾ?

ಹೋಲ್ಡ್ ತೆಗೆಸಬೇಕಾದವರು ರಜೆ ಮುಗಿದು ಆಫೀಸು ತೆರೆಯುವ ಮೊದಲ ದಿನವೇ ಹೋಗಿ. ಫೋನ್ ಮಾಡಬೇಡಿ, ಎತ್ತಲ್ಲ. ಮಾರ್ಕ್ಸ್ ಶೀಟ್ ಪ್ರಿಂಟ್ ನೀವೇ ತಗೊಂಡು ಹೋಗಿ, ಒಂದೇ ಬದಿ.